ಹತ್ತುಮೀನಿನ ಊರಿನವನು ಕುರೊಬೆ ಹೊಳೆಯಲ್ಲಿ

"ಅಷ್ಟು ದೂರ ಹೋಗಿ, ಬೆನ್ನ ಮೇಲೆ ಮೂಟೆ ಹೊತ್ಕಂಡು ಗುಡ್ಡ ಹತ್ತಿ, ಹಿಡಿದ ಮೀನನ್ನ ವಾಪಸ್ ಹೊಳಿಗೇ ಬಿಟ್ಯಾ? ಮತ್ತೆ ಎಂತಕ್ಕೆ ಹಿಡ್ದೆ ಮಾರಾಯ?"

ಅಪ್ಪಯ್ಯ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ತೊಯಾಮಾ ಪೇಟೆಯಲ್ಲಿ, ಬಿಸಿನೀರಿನ ಸ್ನಾನದ ಮನೆಯೊಂದರ ಹೊರಗೆ ನಿಂತಿದ್ದೆ. ನಾಲ್ಕು ದಿನದ ಬೆವರು, ಮಣ್ಣು ಎಲ್ಲಾ ತೊಳೆದುಕೊಂಡು ಹಗುರಾಗಿದ್ದೆ. ಆದ್ರೆ ಪ್ರಶ್ನೆಗೆ ಉತ್ತರ ಹೊಳೀಲಿಲ್ಲ. "ಇಲ್ಲಿ ಹಂಗೇ ರೂಢಿ ಅಪ್ಪಯ್ಯ" ಅಂದೆ. ಅದು ಉತ್ತರ ಅಲ್ಲ ಅಂತ ಅವ್ರಿಗೂ ಗೊತ್ತು, ನನಗೂ ಗೊತ್ತು. ಜೊತೆಗೆ ನಾನು ಅವರಿಗೆ ಒಂದು ಅರ್ಧ ಸುಳ್ಳನ್ನೂ ಹೇಳಿದ್ದೆ. ಅದು ಕೊನೆಗೆ ಬರುತ್ತೆ, ಇರ್ಲಿ.

ಮೊದಲು ನನ್ನ ಕತೆ ಸ್ವಲ್ಪ. ನಾನು ಹೊಸನಗರ ತಾಲ್ಲೂಕಿನವನು. ಈಗ ಟೋಕಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಅನ್ನ ತಿನ್ನೋನು. ನಮ್ಮ ಕಡೆಯವರಿಗೆ ಹತ್ತುಮೀನು ಅಂದ್ರೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಗೆ ತುಂಬಿ ಹರಿಯೋಕೆ ಶುರುವಾದ ಕೂಡ್ಲೇ ಹೊಳೆಯ ಮೀನುಗಳೆಲ್ಲ ನೀರಿಗೆ ಎದುರಾಗಿ ಮೇಲೆ ಹತ್ತುತ್ತವೆ. ಹೊಳೆಯಿಂದ ಹಳ್ಳ, ಹಳ್ಳದಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಗದ್ದೆಯ ತೆಳು ನೀರಲ್ಲಿ ಮೊಟ್ಟೆ ಇಡೋಕೆ ಬರೋದು ಅವು. ರಾತ್ರಿ ಕಂಬಳಿಕೊಪ್ಪೆ ಹಾಕ್ಕೊಂಡು, ಒಂದು ಕೈಲಿ ಬ್ಯಾಟರಿ, ಇನ್ನೊಂದು ಕೈಲಿ ಕತ್ತಿ ಹಿಡ್ಕೊಂಡು ಊರಿನ ಗಂಡಸರೆಲ್ಲ ಗದ್ದೆ ಅಂಚಿನ ಮೇಲೆ. ನಾನು ಅಪ್ಪಯ್ಯನ ಹಿಂದೆ ಗೋಣಿಚೀಲ ಹಿಡ್ಕೊಂಡು ಓಡ್ತಿದ್ದೆ. ಮನೆಗೆ ಬಂದ್ರೆ ಅಜ್ಜಿ ರಾತ್ರಿ ಹನ್ನೆರಡಕ್ಕೆ ಒಲೆ ಹಚ್ಚಿ ಸಾರು ಮಾಡೋಳು. ಹೊಟ್ಟೆ ತುಂಬಾ ಮೊಟ್ಟೆ ಇರೋ ಮೀನು ಅಂದ್ರೆ ಅದು ಮಕ್ಕಳಿಗೆ ಮೀಸಲು. ಬೇಸಿಗೆಯಲ್ಲಿ ಕೆರೆಬೇಟೆ ಇದ್ದೇ ಇತ್ತು, ಕೂಣಿ ಹಿಡ್ಕೊಂಡು ಕೆಸರಲ್ಲಿ ಇಳಿಯೋದು. ಒಟ್ಟಿನಲ್ಲಿ ಮೀನು ಅಂದ್ರೆ ನಮಗೆ ಗದ್ದಲ, ಗುಂಪು, ಊಟ.

ಹಿಡಿದು ಬಿಡೋದು? ಅದು ಶೃಂಗೇರಿಯಲ್ಲಿ ತುಂಗೆಯ ದೇವರ ಮೀನಿಗೆ ಮಂಡಕ್ಕಿ ಹಾಕೋವಾಗ ಮಾತ್ರ ಗೊತ್ತಿದ್ದ ಭಕ್ತಿ. ಅಲ್ಲೂ ಹಿಡಿಯೋ ಪ್ರಶ್ನೆ ಇಲ್ಲ ಬಿಡಿ.

*

ನನ್ನನ್ನ ಈ ಗುಂಗಿಗೆ ಹಚ್ಚಿದ್ದು ಆಫೀಸಿನ ಹಿರಿಯರೊಬ್ಬರು. ನಿವೃತ್ತರಾಗಿ ಎರಡು ವರ್ಷ ಆಯ್ತು. ಹೆಸರು ಬೇಡ, ಇಲ್ಲಿ ಹಿರಿಯ ಸಹೋದ್ಯೋಗಿಗೆ ಹೇಳೋ ಹಾಗೆ ಸೆನ್‌ಪಾಯ್ ಅಂತಲೇ ಕರೀತೀನಿ. ಒಂದು ಸಂಜೆ ಹತ್ತುಮೀನಿನ ಕತೆ ಹೇಳಿದ್ದೆ. ಅವರು ಗ್ಲಾಸು ಕೆಳಗಿಟ್ಟು, "ನಮ್ಮಲ್ಲೂ ಹತ್ತೋ ಮೀನಿದೆ, ಇವಾನಾ. ಬೆಟ್ಟದ ತುದಿವರೆಗೂ ಹತ್ತುತ್ತೆ. ನೋಡ್ಬೇಕು ಅಂದ್ರೆ ನೀನೂ ಹತ್ತಬೇಕು" ಅಂದ್ರು.

ಇವಾನಾ ಟ್ರೌಟ್ ಕುಟುಂಬದ ಮೀನು. ಕಪ್ಪು ಮೈ, ಅದರ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಮೂಲದಲ್ಲಿ ಇದು ಸಮುದ್ರಕ್ಕೆ ಹೋಗಿ ನದಿಗೆ ವಾಪಸ್ ಬರೋ ಜಾತಿ. ಉತ್ತರದ ಹೊಕ್ಕೈಡೊದಲ್ಲಿ ಈಗಲೂ ಹಾಗೆ ಮಾಡೋ ಇವಾನಾ ಇವೆ. ಹಿಮಯುಗ ಮುಗಿದು ನೀರು ಬೆಚ್ಚಗಾದ ಮೇಲೆ ದಕ್ಷಿಣದ ಕಡೆಯವು ತಣ್ಣೀರು ಹುಡುಕಿಕೊಂಡು ಬೆಟ್ಟದ ತಲೆಹೊಳೆಗಳಲ್ಲೇ ಉಳಿದುಬಿಟ್ವು. ಜಪಾನಿನ ಹೊಳೆಗಳಲ್ಲಿ ಕಾಣೋ ಕಾಮನಬಿಲ್ಲು ಟ್ರೌಟ್ ಇದೆಯಲ್ಲ, ಅದು 1877ರಲ್ಲಿ ಅಮೆರಿಕದಿಂದ ತಂದದ್ದು. ನಮ್ಮ ನೀಲಗಿರಿಯ ಟ್ರೌಟ್ ಬ್ರಿಟಿಷರು ತಂದು ಬಿಟ್ಟಿದ್ದು, ಹಾಗೇ. ಇವಾನಾ ಮಾತ್ರ ಇಲ್ಲಿಯದೇ.

ಅದನ್ನ ಹಿಡಿಯೋಕೆ ಸೆನ್‌ಪಾಯ್ ಕಲಿಸಿದ್ದು ತೆನ್ಕರಾ. ಹೇಳಿದ್ರೆ ನಗ್ತೀರಿ, ನಮ್ಮೂರ ಹುಡುಗರು ಬಿದಿರು ಕೋಲಿಗೆ ದಾರ ಕಟ್ಟಿ ಗಾಳ ಹಾಕ್ತಾರಲ್ಲ, ಹತ್ತಿರ ಹತ್ತಿರ ಅದೇ! ರಾಟೆ ಇಲ್ಲ, ಬೆಂಡು ಇಲ್ಲ, ಎರೆಹುಳ ಇಲ್ಲ. ಹನ್ನೆರಡು ಅಡಿಯ ಕೋಲು, ಅಷ್ಟೇ ಉದ್ದದ ದಾರ, ತುದಿಯಲ್ಲಿ ಹಕ್ಕಿಗರಿ ಸುತ್ತಿದ ಒಂದೇ ಒಂದು ಗಾಳ. ಅದಕ್ಕೆ ಕೆಬರಿ ಅಂತಾರೆ. ನೀರಿನ ಮೇಲೆ ಬಿದ್ದ ಹುಳದ ಹಾಗೆ ಅದು ತೇಲಬೇಕು. ಬೆಟ್ಟದ ಹಳ್ಳಿಗಳ ವೃತ್ತಿ ಮೀನುಗಾರರ ವಿದ್ಯೆ ಇದು. ಹೀಗೆ ಹಿಡಿದ ಇವಾನಾವನ್ನ ಬಿಸಿನೀರ ಬುಗ್ಗೆಯ ಊರುಗಳ ವಸತಿಗೃಹಗಳಿಗೆ ಮಾರಿ ಬದುಕ್ತಿದ್ರು. ಬ್ರಿಟಿಷ್ ರಾಜತಾಂತ್ರಿಕ ಅರ್ನೆಸ್ಟ್ ಸಾಟೋ 1878ರಲ್ಲಿ ಈ ಕಡೆಯ ಬೆಟ್ಟ ಸುತ್ತಿದಾಗ ಗರಿಗಾಳದ ಮೀನುಗಾರಿಕೆ ನೋಡಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಈಗಿನ ಕೋಲು ಕಾರ್ಬನ್‌ದು. ಮಡಚಿದ್ರೆ ಒಂದೂವರೆ ಅಡಿ, ತೂಕ ನೂರು ಗ್ರಾಂ ಕೂಡ ಇಲ್ಲ. ಆದ್ರೆ ಬೆನ್ನಿನ ಚೀಲದಲ್ಲಿ ಕೋಲೊಂದೇ ಇರಲ್ವಲ್ಲ. ಡೇರೆ, ಮಲಗೋ ಚೀಲ, ಗ್ಯಾಸ್ ಒಲೆ, ಮಳೆ ಅಂಗಿ, ಬಿಸಿನೀರು ಹಾಕಿದ್ರೆ ಅನ್ನ ಆಗೋ ಒಣ ಅಕ್ಕಿ, ನನ್ನ ಪಾಲಿನ ಅವಲಕ್ಕಿ, ಚಟ್ನಿಪುಡಿ... ತೂಗಿ ನೋಡಿದ್ರೆ ಹದಿನಾಲ್ಕು ಕೆಜಿ. "ಚಟ್ನಿಪುಡಿ ಅರ್ಧ ಕೆಜಿ ಯಾಕೆ?" ಅಂತ ಸೆನ್‌ಪಾಯ್ ಕೇಳಿದ್ರು. ಎರಡನೇ ದಿನದ ಹೊತ್ತಿಗೆ ಅವರೇ ಅದನ್ನ ಜಾಸ್ತಿ ತಿಂತಿದ್ರು.

*

ಹೊರಟಿದ್ದು ಜುಲೈ ಕೊನೆಗೆ. ಜಪಾನಿನಲ್ಲೂ ನಮ್ಮ ಹಾಗೇ ಜೂನ್‌ನಲ್ಲಿ ಮಳೆಗಾಲ ಶುರು. ಅದು ಮುಗಿದ ಮೇಲೆ ಸಿಗೋ ಕೆಲವು ವಾರಗಳೇ ಎತ್ತರದ ಬೆಟ್ಟಗಳಿಗೆ ಸರಿಯಾದ ಕಾಲ. ತೊಯಾಮಾದಿಂದ ಅವರ ಕಾರಿನಲ್ಲಿ ಅರಿಮಿನೆ ಕಾಡಿನ ರಸ್ತೆ. ಅದು ರಾತ್ರಿ ಮುಚ್ಚಿರುತ್ತೆ, ಬೆಳಿಗ್ಗೆ ಗೇಟ್ ತೆಗೆಯೋದನ್ನ ಕಾಯ್ಬೇಕು. ರಸ್ತೆ ಮುಗಿಯೋದು ಓರಿತಾತೆ ಅನ್ನೋ ಜಾಗದಲ್ಲಿ, ಸುಮಾರು 1350 ಮೀಟರ್ ಎತ್ತರ. ಅಲ್ಲಿಂದ ಕಾಲೇ ಗತಿ.

ಹತ್ತೋ ದಾರಿಯ ಬಾಯಲ್ಲೇ ಕಲ್ಲಿನ ಸ್ಮಾರಕ ಒಂದಿದೆ. 1963ರ ಜನವರಿಯಲ್ಲಿ ಐಚಿ ವಿಶ್ವವಿದ್ಯಾಲಯದ 13 ವಿದ್ಯಾರ್ಥಿಗಳು ಪಕ್ಕದ ಯಾಕುಶಿದಾಕೆ ಶಿಖರದಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಸತ್ತರು. ಹೋದ ತಂಡದಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಸೆನ್‌ಪಾಯ್ ಟೋಪಿ ತೆಗೆದು ಕೈಮುಗಿದ್ರು, ನಾನೂ ಮುಗಿದೆ. ಆಮೇಲೆ ಇಬ್ಬರೂ ಚೀಲಕ್ಕೆ ಕರಡಿ ಗಂಟೆ ಕಟ್ಟಿಕೊಂಡು ಹೊರಟ್ವಿ. ನಮ್ಮ ಕೊಟ್ಟಿಗೆಯ ದನದ ಹಾಗೆ ಟಿಣ್ ಟಿಣ್ ಅಂತ!

ಮೊದಲ ಎರಡು ಗಂಟೆ ಕಾಡಿನೊಳಗೆ ನೇರ ಏರು. ಆಮೇಲೆ ಮರ ಮುಗಿದು ಹುಲ್ಲುಗಾವಲು, ಹಳದಿ ಹೂವು, ದೂರದಲ್ಲಿ ಇನ್ನೂ ಕರಗದ ಹಿಮದ ಪಟ್ಟಿ. ಕುದುರೆಮುಖದ ಹುಲ್ಲುಬೆಟ್ಟಕ್ಕೆ ಯಾರೋ ಸುಣ್ಣ ಬಳಿದ ಹಾಗೆ. ಉಂಬಳ ಇಲ್ಲ ಅಂತ ಖುಷಿ ಪಟ್ಟೆ. ಆದ್ರೆ ಬುಯೋ ಅನ್ನೋ ಸಣ್ಣ ನೊಣ ಇದೆ, ಕಚ್ಚಿದ್ರೆ ಒಂದು ವಾರ ಊದಿಕೊಂಡಿರುತ್ತೆ. ಉಂಬಳವೇ ಎಷ್ಟೋ ಮರ್ಯಾದಸ್ತ.

ಐದು ಗಂಟೆ ನಡೆದು 2330 ಮೀಟರ್ ಎತ್ತರದ ತಾರೋದೈರಾ ಹಟ್ಟಿ ದಾಟಿ, ಮುಂದಿನ ಕಣಿವೆಬಾಯಲ್ಲಿ ಡೇರೆ ಹಾಕಿದ್ವಿ. ಮಾರನೇ ದಿನ ಬೆಟ್ಟದ ಆ ಕಡೆ ಇಳಿತ. ಹೊಳೆ ಹತ್ತಿರ ಬಂದ ಹಾಗೆ ಕಬೆಕ್ಕೆಗಾಹರಾ ಅನ್ನೋ ಬಯಲು ಸಿಗುತ್ತೆ. ಅಲ್ಲಿ ಕಪ್ಪಾ ಅನ್ನೋ ನೀರುಭೂತದ ಓಡಾಟ ಇದೆ ಅಂತ ಹಳೇ ಕತೆ. ಇತೋ ಶೋಇಚಿ ಅನ್ನೋರು 1964ರಲ್ಲಿ 'ಕುರೊಬೆಯ ಬೆಟ್ಟದ ಕಳ್ಳರು' ಅನ್ನೋ ಅರ್ಥದ ಹೆಸರಿನ ಪುಸ್ತಕ ಬರೆದ್ರು. ಯುದ್ಧ ಮುಗಿದ ಮೇಲೆ ಈ ಕಾಡಿನಲ್ಲಿ ಕಳ್ಳರಿದ್ದಾರೆ ಅಂತ ಸುದ್ದಿ ಇತ್ತಂತೆ. ಹೋಗಿ ನೋಡಿದ್ರೆ ಅವರು ಕರಡಿ ಬೇಟೆ ಆಡಿ, ಇವಾನಾ ಹಿಡಿದು ಬದುಕ್ತಿದ್ದ ಬಡ ಬೇಟೆಗಾರರು. ಆ ಪುಸ್ತಕದಲ್ಲಿ ಈ ಬಯಲೂ ಇದೆ, ಕಪ್ಪಾ ಕೂಡ ಇದೆ.

ಬಯಲು ದಾಟಿದ್ರೆ ಯಾಕುಶಿಜಾವಾ ಹಟ್ಟಿ. ಎರಡು ಹೊಳೆ ಸೇರೋ ಮೂಲೆಯಲ್ಲಿ, ಬಂಡೆಗೆ ಅಂಟಿಕೊಂಡ ಹಾಗೆ ನಿಂತಿದೆ. ಎದುರಿಗೆ ತೂಗುಸೇತುವೆ. ಕೆಳಗೆ ಕುರೊಬೆ.

*

ಕುರೊಬೆ ನದಿಯ ಒಟ್ಟು ಉದ್ದ ಬರೀ 85 ಕಿಲೋಮೀಟರ್. 2924 ಮೀಟರ್ ಎತ್ತರದ ವಾಶಿಬಾದಾಕೆ ಬೆಟ್ಟದಲ್ಲಿ ಹುಟ್ಟಿ ಇಷ್ಟೇ ದೂರದಲ್ಲಿ ಸಮುದ್ರ ಸೇರುತ್ತೆ ಅಂದ್ರೆ ಅದರ ರಭಸ ಊಹಿಸಿ. ನೀರಿಗೆ ಕೈ ಹಾಕಿದ್ರೆ ಮೂಳೆ ನೋಯುತ್ತೆ. ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ.

ಇಲ್ಲಿ ಹಿಡಿದ ಮೀನನ್ನ ನೀರಿಗೇ ಬಿಡೋದು ರೂಢಿ. ಒಂದು ಕಾಲದಲ್ಲಿ ಕಂಡಾಪಟ್ಟೆ ಹಿಡಿದು ಇವಾನಾ ಕಮ್ಮಿ ಆದ ಮೇಲೆ ಹಟ್ಟಿಯವರು, ಗಾಳ ಹಾಕೋರು ಸೇರಿ ಬೆಳೆಸಿಕೊಂಡ ಕಟ್ಟು ಅದು. ಜಪಾನಿನ ಬೇರೆ ಬಹಳಷ್ಟು ಹೊಳೆಗಳಲ್ಲಿ ಸ್ಥಳೀಯ ಮೀನುಗಾರರ ಸಂಘದಿಂದ ದಿನದ ಚೀಟಿ ತಗೊಂಡ್ರೆ ಹಿಡಿದು ತಿನ್ನಬಹುದು. ಆ ಸಂಘಗಳು ಹೊಳೆಗೆ ಮೀನು ತುಂಬೋ ಕೆಲಸವನ್ನೂ ಮಾಡಬೇಕು ಅಂತ 1949ರ ಮೀನುಗಾರಿಕೆ ಕಾನೂನೇ ಹೇಳುತ್ತೆ. ಮೊಟ್ಟೆ ಇಡೋ ಕಾಲ ಬಂತು ಅಂತ ಅಕ್ಟೋಬರಿಂದ ಚಳಿಗಾಲ ಪೂರ್ತಿ ಹೆಚ್ಚಿನ ಕಡೆ ಗಾಳ ಹಾಕೋ ಹಾಗೇ ಇಲ್ಲ.

ಬೆಳಿಗ್ಗೆ ಆರಕ್ಕೆ ನೀರಿಗಿಳಿದ್ವಿ. ಕೆಳಗಿಂದ ಮೇಲಕ್ಕೆ ಹೋಗಬೇಕು, ಯಾಕಂದ್ರೆ ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತೆ, ಹಿಂದಿನಿಂದ ಬರೋರು ಅದಕ್ಕೆ ಕಾಣಲ್ಲ. ನೆರಳು ನೀರಿನ ಮೇಲೆ ಬೀಳಬಾರದು. ಕೆಬರಿ ಒಂದು ಕಡೆ ಮೂರು ಸೆಕೆಂಡಿಗಿಂತ ಜಾಸ್ತಿ ಇರಬಾರದು. ಸೆನ್‌ಪಾಯ್ ಬಂಡೆ ಹಿಂದೆ ಮೊಣಕಾಲೂರಿ, ಕೈಮಣಿಕಟ್ಟು ಮಾತ್ರ ಅಲ್ಲಾಡಿಸ್ತಿದ್ರು. ನನ್ನ ದಾರ ಗಿಡಕ್ಕೆ, ಕಲ್ಲಿಗೆ, ಒಂದು ಸಲ ನನ್ನ ಟೋಪಿಗೆ. ಅವರು ನಾಲ್ಕು ಹಿಡಿದು ಬಿಟ್ಟ ಮೇಲೆ ನನಗೆ ಒಂದು ಸಿಕ್ತು. ಒಂದು ಗೇಣು ಉದ್ದ. ಕೈ ಒದ್ದೆ ಮಾಡಿಕೊಂಡು ಹಿಡಿ ಅಂದ್ರು, ಒಣ ಕೈ ಅದರ ಮೈಗೆ ಸುಡುತ್ತಂತೆ. ಅದು ನನ್ನ ಬೊಗಸೆಯಲ್ಲಿ ಒಂದು ಕ್ಷಣ ಉಸಿರಾಡಿ, ಬಾಲ ಹೊಡೆದು ಹೋಯ್ತು.

ಬಾಯಲ್ಲಿ ನೀರು ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ!

*

ತಪ್ಪು ಆಗಿದ್ದು ಹತ್ತು ಗಂಟೆ ಹೊತ್ತಿಗೆ.

ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಸಣ್ಣ ಮುಳ್ಳು ಇರುತ್ತಲ್ಲ, ಬಿಡೋ ಮೀನುಗಾರಿಕೆಯಲ್ಲಿ ಅದನ್ನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡ್ಬೇಕು. ಆಗ ಗಾಳ ಸಲೀಸಾಗಿ ಬಿಡಿಸಬಹುದು. ಸೆನ್‌ಪಾಯ್ ಹಿಂದಿನ ರಾತ್ರಿ ಎರಡು ಸಲ ಹೇಳಿದ್ರು. ಅವರು ಕೊಟ್ಟ ಕೆಬರಿಗಳನ್ನೆಲ್ಲ ಒತ್ತಿದ್ದೆ. ನಾನೇ ಹುಂಜದ ಗರಿ ಸುತ್ತಿ ಕಟ್ಟಿಕೊಂಡಿದ್ದ ಒಂದು ಕೆಬರಿ ಇತ್ತು. ಅದರಲ್ಲಿ ಹಿಡೀಬೇಕು ಅಂತ ಆಸೆ. ಅದನ್ನ ಒತ್ತೋದು ಮರೆತಿದ್ದೆ. ಮರೆತಿದ್ದೆ ಅಂತಲೇ ಬರೀತಿದ್ದೀನಿ. ನಿಜ ಹೇಳಬೇಕಂದ್ರೆ, ಸಿಕ್ಕಿದ ಮೀನು ತಪ್ಪಿಸಿಕೊಳ್ಳಬಾರದು ಅಂತ ಒಳಗೊಳಗೇ ಇತ್ತೇನೋ.

ಮೀನು ಸಿಕ್ತು. ದಿನದಲ್ಲೇ ದೊಡ್ಡದು, ಒಂದು ಅಡಿ ಹತ್ತಿರ. ಗಾಳ ಕಿವಿರಿನ ಬುಡಕ್ಕೆ ಹೊಕ್ಕಿತ್ತು. ಎಳೆದ್ರೆ ಬರಲ್ಲ, ತಿರುಗಿಸಿದ್ರೆ ರಕ್ತ. ಸೆನ್‌ಪಾಯ್ ಬಂದು ದಾರ ಕತ್ತರಿಸಿ, ಮೀನನ್ನ ಹರಿವಿಗೆ ಮುಖ ಮಾಡಿ ಹಿಡ್ಕೊ ಅಂದ್ರು. ಹತ್ತು ನಿಮಿಷ ಹಿಡ್ಕೊಂಡು ನಿಂತೆ. ಬೆರಳಿಗೆ ಜೀವ ಇರಲಿಲ್ಲ. ಕೈ ಸಡಿಲ ಮಾಡಿದ ಕೂಡ್ಲೇ ಅದು ಹೊಟ್ಟೆ ಮೇಲಾಗಿ ತೇಲ್ತು.

ಅವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಹಾಗಾದ್ರೆ ತಿನ್ನೋಣ. ಚೂರೂ ಬಿಡಬಾರದು" ಅಂತ ಅಷ್ಟೇ ಅಂದ್ರು.

ಬಂಡೆ ಮೇಲೆ ಇಟ್ಟು ನಾನೇ ಕೊಯ್ದೆ. ಹೊಟ್ಟೆಯೊಳಗೆ ಜೀರುಂಡೆ, ರೆಕ್ಕೆ ಹುಳ. ಅದರ ಪಕ್ಕ ಎರಡು ಎಳೆ ಹಳದಿ ಮೊಟ್ಟೆ, ಇನ್ನೂ ಸಾಸಿವೆಯಷ್ಟೂ ಬೆಳೆದಿರಲಿಲ್ಲ. ಅಕ್ಟೋಬರಲ್ಲಿ ಇಡಬೇಕಾಗಿದ್ದ ಮೊಟ್ಟೆ.

ಚಿಕ್ಕಂದಿನಲ್ಲಿ ನೂರಾರು ಸಲ ಮೀನಿನ ಮೊಟ್ಟೆ ತಿಂದಿದ್ದೀನಿ. ಅಜ್ಜಿ ನನ್ನ ತಟ್ಟೆಗೇ ಹಾಕಿದ್ದು. ಒಂದು ದಿನವೂ ಏನೂ ಅನ್ನಿಸಿರಲಿಲ್ಲ. ಅವತ್ತು ಆ ಎರಡು ಎಳೆ ನೋಡಿ ಗದ್ದೆ ಅಂಚು, ಬ್ಯಾಟರಿ ಬೆಳಕು, ಗೋಣಿಚೀಲದಲ್ಲಿ ಒದ್ದಾಡೋ ಮೀನು ಎಲ್ಲಾ ಒಟ್ಟಿಗೇ ಕಣ್ಣಿಗೆ ಬಂತು. ಅವೂ ಹತ್ತೋಕೆ ಹೊರಟವೇ ಅಲ್ವಾ.

ಸಂಜೆ ಹಟ್ಟಿಯ ಹೊರಗೆ ಗ್ಯಾಸ್ ಒಲೆ ಮೇಲೆ ಬೇಯಿಸಿದ್ವಿ. ಇಲ್ಲಿಯವರು ಉಪ್ಪು ಮಾತ್ರ ಸವರಿ ಸುಡ್ತಾರೆ. ನಾನು ಅರ್ಧಕ್ಕೆ ಉಪ್ಪು, ಇನ್ನರ್ಧಕ್ಕೆ ಖಾರದಪುಡಿ, ಅರಿಶಿನ, ಅಮ್ಮ ಕಳಿಸಿದ ವಾಟೆಹುಳಿ ಪುಡಿ ಹಚ್ಚಿದೆ. ಮೊಟ್ಟೆಯನ್ನೂ ತಿಂದ್ವಿ. ಮೂಳೆಯನ್ನ ಸೆನ್‌ಪಾಯ್ ಕೆಂಪಗೆ ಹುರಿದು ಬಿಸಿ ಸಾಕೆಯಲ್ಲಿ ಮುಳುಗಿಸಿ ಕುಡಿದ್ರು. ರುಚಿ? ಬಹಳ ರುಚಿಯಾಗಿತ್ತು. ಅದೇ ಕಷ್ಟ ಆಗಿದ್ದು.

*

ರಾತ್ರಿ ಮಳೆ ಹಿಡೀತು. ನಮ್ಮ ಕಡೆ ಆಷಾಢದ ಮಳೆ ಥರವೇ. ಹೊಳೆಯೊಳಗೆ ಬಂಡೆ ಉರುಳೋ ಶಬ್ದ ಹಾಸಿಗೆವರೆಗೂ ಕೇಳ್ತಿತ್ತು. ಬೆಳಿಗ್ಗೆ ನೋಡಿದ್ರೆ ಕುರೊಬೆ ಕೆಸರು ಬಣ್ಣ, ನಾವು ಹಿಂದಿನ ದಿನ ಕೂತಿದ್ದ ಬಂಡೆಯೇ ಕಾಣಲ್ಲ. ಹೊಳೆಪಾತ್ರದಲ್ಲೇ ಹೋಗೋ ದಾರಿ ಹಿಡಿಯೋದಿದ್ದ ಒಂದು ಗುಂಪನ್ನ ಹಟ್ಟಿಯವರು ತಡೆದು ಕೂರಿಸಿದ್ರು. ಇಡೀ ದಿನ ಕಿಟಕಿ ಪಕ್ಕ ಚಹಾ, ಅವಲಕ್ಕಿ, ಮಾತು.

ಸೆನ್‌ಪಾಯ್ ಅಣೆಕಟ್ಟಿನ ವಿಷಯ ತೆಗೆದ್ರು. ಇದೇ ಹೊಳೆಗೆ ಕೆಳಗೆ 1963ರಲ್ಲಿ ಮುಗಿದ ಕುರೊಬೆ ಅಣೆಕಟ್ಟು ಇದೆ, 186 ಮೀಟರ್, ಜಪಾನಿನಲ್ಲೇ ಎತ್ತರದ್ದು. ಕಟ್ಟುವಾಗ ಸತ್ತವರು 171 ಜನ. ನಾನು ನಮ್ಮ ಲಿಂಗನಮಕ್ಕಿ ವಿಷಯ ಹೇಳಿದೆ. 1964ರಲ್ಲಿ ಶರಾವತಿ ತುಂಬಿದಾಗ ಅಜ್ಜಿಯ ತವರುಮನೆ ಮುಳುಗಿದ್ದು, ಬೇಸಿಗೆಯಲ್ಲಿ ನೀರು ಇಳಿದ್ರೆ ಅವಳು ದಡದಲ್ಲಿ ನಿಂತು ಕೈ ತೋರಿಸ್ತಿದ್ದಿದ್ದು. ಒಂದೇ ವರ್ಷದ ಅಂತರದಲ್ಲಿ ಎರಡು ಹೊಳೆ. ಎರಡು ಕಡೆಯೂ ಪಟ್ಟಣಕ್ಕೆ ಬೆಳಕು ಬಂತು.

"ದೊಡ್ಡ ಅಣೆಕಟ್ಟು ಎಲ್ಲರಿಗೂ ಕಾಣುತ್ತೆ. ಇವಾನಾವನ್ನ ಮುಗಿಸೋದು ಸಣ್ಣವು" ಅಂದ್ರು. ಮಣ್ಣು ಕುಸಿಯೋದನ್ನ ತಡೆಯೋಕೆ ಜಪಾನಿನ ಹಳ್ಳಗಳಿಗೆ ಅಡ್ಡಡ್ಡ ಕಾಂಕ್ರೀಟ್ ಕಟ್ಟೆ ಕಟ್ಟಿದ್ದಾರೆ. ಕಟ್ಟೆಯ ಮೇಲಿನ ಮೀನು ಕೆಳಗಿಳಿಯಬಹುದು, ಕೆಳಗಿನದು ಹತ್ತೋ ಹಾಗಿಲ್ಲ. ಮೇಲಿನ ತುಂಡು ಹೊಳೆಯಲ್ಲಿ ಉಳಿದವು ವರ್ಷ ವರ್ಷ ಕಮ್ಮಿಯಾಗಿ ಒಂದು ದಿನ ಇಲ್ಲವಾಗುತ್ತವೆ. ಹೊಕ್ಕೈಡೊದ ಇಂಥ ಕಟ್ಟೆಗಳ ಮೇಲಿನ ಹಳ್ಳಗಳನ್ನ ಸಂಶೋಧಕರು ಹುಡುಕಿ ನೋಡಿ 2002ರಲ್ಲಿ ಇದನ್ನೇ ತೋರಿಸಿದ್ರು. ಕಟ್ಟೆ ಹಳೆಯದಾದಷ್ಟೂ, ಮೇಲಿನ ಹಳ್ಳ ಚಿಕ್ಕದಾದಷ್ಟೂ ಇವಾನಾ ಉಳಿದಿರೋದು ಕಮ್ಮಿ. ಅಲ್ಲಿ ಯಾರೂ ಗಾಳ ಹಾಕಬೇಕಂತಲೇ ಇಲ್ಲ.

ಇನ್ನೊಂದು ಮಾತು ಹೇಳಿದ್ರು. ಹಿಂದಿನ ಕಾಲದ ಬೇಟೆಗಾರರು, ಮೀನುಗಾರರು ಇವಾನಾವನ್ನ ಜೀವಂತ ಹೊತ್ತುಕೊಂಡು ಹೋಗಿ ಜಲಪಾತದ ಮೇಲಿನ ಹೊಳೆಗೆ ಬಿಡ್ತಿದ್ರಂತೆ. ಮೀನಿಗೆ ಹತ್ತೋಕಾಗದ ಕಡೆ ಮನುಷ್ಯ ಹತ್ತಿಸಿದ. ತಿನ್ನೋಕೇ ಇರಬಹುದು. ಆದ್ರೂ ಮುಂದಿನ ಸಲ ಬರೋನಿಗೂ ಇರಲಿ ಅಂತ.

*

ಮಾರನೇ ದಿನ ಬಿಸಿಲು ಬಂತು. ನೀರು ಇಳಿದಿತ್ತು. ನಾನು ಕೋಲು ಬಿಚ್ಚಲಿಲ್ಲ. ಬಂದ ದಾರಿಯಲ್ಲೇ ಬೆಟ್ಟ ಹತ್ತಿ, ಇಳಿದು, ಸಂಜೆ ತೊಯಾಮಾ. ಆ ಫೋನ್ ಮಾಡಿದ್ದು ಆಗಲೇ.

ಅರ್ಧ ಸುಳ್ಳು ಅಂದೆನಲ್ಲ, ಎಲ್ಲಾ ಮೀನು ಬಿಟ್ಟೆ ಅಂತ ಹೇಳಿದ್ದೆ. ಟೋಕಿಯೋಗೆ ಬಂದು ಎರಡು ದಿನ ಆದ ಮೇಲೆ ಮತ್ತೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ನಗ್ತಾರೆ, "ತಿಂದ್ಯಲ್ಲ, ಒಳ್ಳೇದಾಯ್ತು" ಅಂತಾರೆ ಅಂದ್ಕೊಂಡಿದ್ದೆ.

"ಮೊಟ್ಟೆ ಇತ್ತಾ?" ಅಂದ್ರು.

"ಇತ್ತು."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಹಿಂದೆ ಮಳೆ ಹೊಡೆಯೋದು ಕೇಳ್ತಿತ್ತು. ಆಮೇಲೆ ಅವರೇ ಶುರು ಮಾಡಿದ್ರು. "ನಾನು ಹತ್ತುಮೀನಿಗೆ ಹೋಗದೆ ನಾಕು ವರ್ಷ ಆತು. ನಿಂಗೆ ಹೇಳಿರ್ಲಿಲ್ಲ. ಕಾಲು ನೋವು ಅಂತ ಅಲ್ಲ. ಮೀನು ಹತ್ತದೇ ಇಲ್ಲ ಈಗ."

ಯಾಕೆ ಅಂದೆ.

"ಹತ್ತಿ ಎಲ್ಲಿಗೆ ಹೋಗ್ಬೇಕು? ಗದ್ದೆ ಎಲ್ಲಾ ತೋಟ ಆತಲ. ನಮ್ಮ ಕೆಳಗಿನ ಗದ್ದೆಗೂ ಅಡಿಕೆ ಹಾಕಿದ್ದು ನಾನೇ. ರಸ್ತೆ ಅಡಿ ಪೈಪ್ ಹಾಕಿದ್ರು, ಅದ್ರ ಬಾಯಿ ಹಳ್ಳಕ್ಕಿಂತ ಮೊಳ ಎತ್ತರ ಐತಿ. ಉಳಿದವ್ಕೆ ಹುಡುಗ್ರು ಕರೆಂಟ್ ಕೊಡ್ತಾರೆ. ನಾವು ಕತ್ತಿಲಿ ಕಡೀತಿದ್ದಾಗ ಎಷ್ಟು ಕಡಿದ್ರೂ ಬರ್ತಿದ್ವು ಮಾರಾಯ. ಗದ್ದೆ ಇತ್ತಲ, ಅದಕ್ಕೆ."

ಇಷ್ಟು ದಿನ ನಾನು ಹಿಡಿಯೋದು ಸರಿಯೋ, ಬಿಡೋದು ಸರಿಯೋ ಅಂತ ತಲೆ ಕೆಡಿಸಿಕೊಂಡಿದ್ದೆ. ಅಪ್ಪಯ್ಯ ಹೇಳಿದ್ದೂ, ಸೆನ್‌ಪಾಯ್ ಹೇಳಿದ್ದೂ ಒಂದೇ. ನಾನು ಕೊಂದ ಒಂದು ಇವಾನಾದ ಲೆಕ್ಕ ನನ್ನದೇ, ಅದನ್ನ ಯಾರ ಮೇಲೂ ಹಾಕಲ್ಲ. ಮುಂದಿನ ಸಲ ಇಕ್ಕಳ ಮೊದಲು ಚೀಲಕ್ಕೆ ಹೋಗುತ್ತೆ. ಆದ್ರೆ ಹತ್ತೋ ಮೀನಿಗೆ ಬೇಕಾಗಿರೋದು ಹತ್ತೋಕೆ ಒಂದು ದಾರಿ, ಹತ್ತಿದ ಮೇಲೆ ಒಂದು ಜಾಗ. ಅದಿದ್ರೆ ಗಾಳವನ್ನೂ ಕತ್ತಿಯನ್ನೂ ತಡ್ಕೊಳ್ಳುತ್ತೆ. ಅದಿಲ್ದಿದ್ರೆ ನಾವು ಎಷ್ಟು ಮರ್ಯಾದೆಯಿಂದ ವಾಪಸ್ ಬಿಟ್ಟರೂ ಅಷ್ಟೇ.

ಫೋನ್ ಇಡೋ ಮುಂಚೆ ಅಪ್ಪಯ್ಯ ಒಂದು ಮಾತು ಕೇಳಿದ್ರು. "ಆ ಪೈಪಿನ ಬಾಯಿಗೆ ಕಲ್ಲು ಪೇರಿಸಿ ಮೆಟ್ಲು ಮಾಡಿದ್ರೆ ಮೀನು ಹತ್ತಬಹುದನಾ? ನಿಮ್ಮ ಜಪಾನಿನೋರು ಎಂತ ಮಾಡ್ತಾರೆ ಕೇಳು." ಸೆನ್‌ಪಾಯ್‌ಗೆ ಕೇಳಿದೆ. ಕೇಳಿದ್ದೇ ತಡ, ಕಾಗದ ತಗೊಂಡು ಚಿತ್ರ ಬರೆಯೋಕೆ ಕೂತ್ರು. ಮೆಟ್ಟಿಲು ಗಿಡ್ಡ ಇರಲಿ, ಪ್ರತಿ ಮೆಟ್ಟಿಲಿಗೂ ಮೀನು ಸುಧಾರಿಸಿಕೊಳ್ಳೋಕೆ ಒಂದು ಸಣ್ಣ ಗುಂಡಿ ಇರಲಿ ಅಂತ ಬಾಣದ ಗುರುತು ಹಾಕಿ ಕೊಟ್ಟಿದ್ದಾರೆ. ಅದನ್ನ ವಾಟ್ಸಾಪ್‌ನಲ್ಲಿ ಕಳಿಸಿದ್ದೀನಿ. ಮುಂದಿನ ಜೂನ್ ಒಳಗೆ ಅಪ್ಪಯ್ಯ ಕಲ್ಲು ಪೇರಿಸ್ತಾರೋ ಇಲ್ವೋ ನೋಡಬೇಕು. ನಮ್ಮ ಮೇಲಿನ ಗದ್ದೆ ಒಂದು ಇನ್ನೂ ಗದ್ದೆಯಾಗೇ ಇದೆ.

ನಿಮ್ಮೂರಲ್ಲಿ ಹತ್ತುಮೀನು ಈಗಲೂ ಹತ್ತುತ್ತಾ? ಗೊತ್ತಿದ್ರೆ ಹೇಳಿ. ಅಪ್ಪಯ್ಯನಿಗೆ ತಿಳಿಸ್ತೀನಿ.